ಹಳೆ ಕಾರಿನ ಸ್ಟೀರಿಯೊ: ಇರಲಿ ಬಿಡಿ ಎನ್ನೋಣವೇ, ಬಿಚ್ಚಿಬಿಡೋಣವೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಕಾರಿನ ಜೊತೆಗೇ ಬಂದ ಹಳೆಯ ಸ್ಟೀರಿಯೊ ಇಟ್ಟುಕೊಳ್ಳಬೇಕೆ, ತೆಗೆದು ಹೊಸದು ಹಾಕಿಸಬೇಕೆ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮದು 1990ರ ದಶಕದ ಕಾರು. ಕಂಪನಿಯ ಕ್ಯಾಸೆಟ್ ಸೆಟ್ಟೇ ಇನ್ನೂ ಇದೆ. ಹಾಡು ಒಡಕೊಡಕಾಗಿ ಕೇಳುತ್ತದೆ, ಬಾಸ್ ಇಲ್ಲವೇ ಇಲ್ಲ. ಸೆಟ್ ಬದಲಾಯಿಸಿದರೆ ಸರಿಹೋಗುತ್ತದೆಯೆ?

ಉತ್ತರ: ತಪ್ಪು ಸೆಟ್‌ನದೇ ಎಂದು ಈಗಲೇ ತೀರ್ಮಾನಿಸಬೇಡಿ. ಇಷ್ಟು ವಯಸ್ಸಾದ ಕಾರಿನಲ್ಲಿ ಬಹಳ ಸಲ ಮೊದಲು ಕೈಕೊಡುವುದು ಸ್ಪೀಕರ್. ಬಾಗಿಲೊಳಗಿನ ಬಿಸಿ, ತೇವ ಎರಡನ್ನೂ ತಾಳಿಕೊಂಡು ಕೋನ್ ಸುತ್ತಲಿನ ಫೋಮ್ ಅಂಚು ಪುಡಿಯಾಗಿರುತ್ತದೆ, ಕಾಗದದ ಕೋನ್ ಮೆತ್ತಗಾಗಿರುತ್ತದೆ. ಅಂಥ ಸ್ಪೀಕರ್‌ಗೆ ಎಷ್ಟೇ ಒಳ್ಳೆಯ ಸೆಟ್ ಜೋಡಿಸಿದರೂ ಒಡಕು ಹೋಗುವುದಿಲ್ಲ.

ಬ್ಯಾಲೆನ್ಸ್ (ಎಡ–ಬಲ) ಮತ್ತು ಫೇಡರ್ (ಮುಂದೆ–ಹಿಂದೆ) ತಿರುಗಿಸಿ ಒಂದೊಂದೇ ಮೂಲೆಯ ಸ್ಪೀಕರ್ ಕೇಳಿ. ಒಂದೇ ಮೂಲೆಯಲ್ಲಿ ಒಡಕಿದ್ದರೆ ಆ ಸ್ಪೀಕರ್ ಅಥವಾ ಅದರ ವೈರು ಕೆಟ್ಟಿದೆ. ನಾಲ್ಕೂ ಕಡೆ, ವಾಲ್ಯೂಮ್ ಸಣ್ಣಗಿಟ್ಟಾಗಲೂ ಒಡಕಿದ್ದರೆ ಆಗ ಸೆಟ್‌ನ ಮೇಲೆ ಅನುಮಾನ ಪಡಬಹುದು. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳು ವರ್ಷ ಕಳೆದಂತೆ ಒಣಗುತ್ತವೆ. ಬಾಸ್ ಸೊರಗುವುದು, ಗುಂಯ್ ಎನ್ನುವುದು, ಆನ್ ಮಾಡಿದ ಎಷ್ಟೋ ಹೊತ್ತಿಗೆ ಧ್ವನಿ ಏಳುವುದು ಇದರ ಲಕ್ಷಣ. ಅದೇ ಮೈಕ್ರೊಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್ ತಾಳುವ, 105 ಡಿಗ್ರಿ ಸೆಲ್ಸಿಯಸ್ ದರ್ಜೆಯ ಕೆಪ್ಯಾಸಿಟರ್ ಹಾಕಿಸಿದರೆ ಸೆಟ್ ಮತ್ತೆ ಚೇತರಿಸಿಕೊಳ್ಳುತ್ತದೆ. ಕ್ಯಾಸೆಟ್ ಎಳೆದಂತೆ ಹಾಡಿದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ ಎಂದರ್ಥ. ಕೆಲವೊಮ್ಮೆ ಅದು ಕರಗಿ ಡಾಂಬರಿನಂತೆ ಪುಲ್ಲಿಗೆ ಅಂಟಿರುತ್ತದೆ. ಹೊಸ ಬೆಲ್ಟ್ ಹಾಕುವ ಮುನ್ನ ಆ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಬೇಕು.

ಸ್ಪೀಕರ್ ಬಿಚ್ಚಿದಾಗ ಎರಡು ಪರೀಕ್ಷೆ ಮಾಡಿ. ಮಲ್ಟಿಮೀಟರ್‌ನಲ್ಲಿ 4 ಓಮ್ ಸ್ಪೀಕರ್ ಸಾಮಾನ್ಯವಾಗಿ 3.2ರಿಂದ 3.8 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಆಮೇಲೆ 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಸ್ಪೀಕರ್‌ನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಜಿಗಿಯಬೇಕು. ‘ಬಾಸ್ ಇಲ್ಲವೇ ಇಲ್ಲ’ ಎಂದು ನೀವು ಬರೆದದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ಹಿಂದೆಂದೋ ಒಂದು ಬಾಗಿಲಿನ ಸ್ಪೀಕರ್ ಬದಲಾಯಿಸುವಾಗ ಪ್ಲಸ್, ಮೈನಸ್ ಅದಲುಬದಲಾಗಿದ್ದರೆ ಎಡದ ಕೋನ್ ಮುಂದೆ ಬಂದಾಗ ಬಲದ್ದು ಹಿಂದೆ ಹೋಗಿ ಬಾಸ್ ಪರಸ್ಪರ ರದ್ದಾಗುತ್ತದೆ. ಎರಡು ವೈರು ಅದಲುಬದಲು ಮಾಡಿದರೆ ಮುಗಿಯಿತು, ಕಾಸು ಬಿಚ್ಚಬೇಕಿಲ್ಲ.

ಪ್ರಶ್ನೆ: ಡ್ಯಾಶ್‌ಬೋರ್ಡಿನ ಅಂದ ಕೆಡಿಸಲು ಮನಸ್ಸಿಲ್ಲ. ಆದರೆ ಫೋನಿನ ಹಾಡು ಕೇಳಬೇಕು. ಹಳೆ ಸೆಟ್ ಇಟ್ಟುಕೊಂಡೇ ಬ್ಲೂಟೂತ್ ಸಾಧ್ಯವೆ?

ಉತ್ತರ: ಸಾಧ್ಯ. ದಾರಿಗಳು ನಾಲ್ಕು, ಗುಣಮಟ್ಟ ಮಾತ್ರ ಬೇರೆ ಬೇರೆ.

ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಳಪೆ. ಎಫ್‌ಎಂ ಪ್ರಸಾರದ ಧ್ವನಿ 15 ಕಿಲೊಹರ್ಟ್ಸ್‌ಗೇ ನಿಲ್ಲುತ್ತದೆ ಎಂಬುದು ಇರಲಿ, ನಿಮ್ಮ ಪುಟ್ಟ ಟ್ರಾನ್ಸ್‌ಮಿಟರನ್ನು ಯಾವುದಾದರೂ ಸ್ಟೇಷನ್ ದಾರಿಯಲ್ಲಿ ಮುಳುಗಿಸಿಬಿಡುತ್ತದೆ. ಕ್ಯಾಸೆಟ್ ಆಕಾರದ ಅಡಾಪ್ಟರ್ ಇದಕ್ಕಿಂತ ಮೇಲು. ಅದರೊಳಗಿನ ಹೆಡ್ ಸೆಟ್‌ನ ಹೆಡ್‌ಗೆ ಕಾಂತದ ಮೂಲಕ ಧ್ವನಿ ದಾಟಿಸುತ್ತದೆ. ಆಟೊ ರಿವರ್ಸ್ ಇರುವ ಸೆಟ್ ಪದೇ ಪದೇ ಸೈಡ್ ಬದಲಿಸುತ್ತಿದ್ದರೆ, ಚಕ್ರ ತಿರುಗದ್ದನ್ನು ಕಂಡು ಟೇಪ್ ಮುಗಿಯಿತೆಂದು ಅದು ಭಾವಿಸುತ್ತಿದೆ. ಒಳಗೆ ಹಲ್ಲುಚಕ್ರಗಳಿರುವ ಅಡಾಪ್ಟರ್ ತನ್ನಿ. ಹೆಡ್ಡನ್ನು ಮೊದಲು ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಇಲ್ಲವಾದರೆ ಧ್ವನಿ ಮಂಕಾಗಿಯೇ ಇರುತ್ತದೆ.

ಸೆಟ್‌ನ ಹಿಂದೆ ಸಿಡಿ ಚೇಂಜರ್‌ಗೆಂದು (ಹಲವು ಸಿಡಿ ಹಿಡಿಯುವ ಪೆಟ್ಟಿಗೆ) ಬಿಟ್ಟ ಕಪ್ಲರ್ (ವೈರು ಸಿಕ್ಕಿಸುವ ಜೋಡಣೆ) ಇದ್ದರೆ ನಿಮ್ಮ ಅದೃಷ್ಟ. ಚೇಂಜರ್ ಇದೆಯೆಂದು ಸೆಟ್ಟನ್ನು ನಂಬಿಸುವ ಬ್ಲೂಟೂತ್ ಮಾಡ್ಯೂಲ್‌ಗಳು ಅನೇಕ ಮಾದರಿಗಳಿಗೆ ಸಿಗುತ್ತವೆ. ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ನಮ್ಮ ಆಯ್ಕೆ ಇದೇ.

ಅದೂ ಇಲ್ಲದಿದ್ದರೆ ಸೆಟ್ ಬಿಚ್ಚಿ, ವಾಲ್ಯೂಮ್ ಕಂಟ್ರೋಲ್‌ಗೆ ಧ್ವನಿ ಬರುವ ಜಾಗದಲ್ಲಿ ಹೊರಗಿನ ಸಿಗ್ನಲ್ ಸೇರಿಸಬಹುದು. ಎಡ, ಬಲ ಎರಡಕ್ಕೂ 1ರಿಂದ 10 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ ಸರಣಿಯಲ್ಲಿ ಬರಲೇಬೇಕು, ಏಕೆಂದರೆ ಆ ಜಾಗದಲ್ಲಿ ಡಿಸಿ ವೋಲ್ಟೇಜ್ ಇರಬಹುದು. ಜ್ಯಾಕ್ ಸಿಕ್ಕಿಸಿದಾಗ ಹಳೆಯ ಮೂಲ ಕಡಿತವಾಗುವಂಥ ಸ್ವಿಚ್ ಇರುವ ಐದು ಕಾಲಿನ ಜ್ಯಾಕ್ ಬಳಸಿ. ಬೆಸುಗೆ ಕೆಲಸ ಗೊತ್ತಿಲ್ಲದವರು ಇದಕ್ಕೆ ಕೈಹಾಕಬೇಡಿ. ಹಳೆ ಬೋರ್ಡ್‌ಗಳ ತಾಮ್ರದ ಪಟ್ಟಿ ಹೆಚ್ಚು ಬಿಸಿಯಾದರೆ ಎದ್ದು ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಬರುವ ದೂರು ಒಂದೇ: ಆಕ್ಸಿಲರೇಟರ್ ಒತ್ತಿದಂತೆ ಏರುವ ಕುಂಯ್ ಸದ್ದು. ಫೋನ್ ಅಥವಾ ಬ್ಲೂಟೂತ್ ಮಾಡ್ಯೂಲ್ ಕಾರಿನ ಕರೆಂಟಿನಿಂದಲೇ ಚಾರ್ಜ್ ಆಗುತ್ತಾ ಆಕ್ಸ್ (ಹೊರಗಿನ ಧ್ವನಿ ಸೆಟ್‌ಗೆ ತರುವ) ವೈರಿನಲ್ಲೂ ಸೆಟ್‌ಗೆ ಜೋಡಣೆಯಾಗಿರುವಾಗ ಅರ್ಥ್‌ಗೆ ಎರಡು ದಾರಿಯಾಗುತ್ತದೆ, ಆಲ್ಟರ್ನೇಟರ್‌ನ ಗದ್ದಲ ಅದರಲ್ಲಿ ನುಸುಳುತ್ತದೆ. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಕಾರಣ ಖಚಿತ. ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಅಷ್ಟೆ. ತೀರಾ ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುವಂಥದು ಬಾಸ್ ಸ್ವಲ್ಪ ತಿನ್ನುತ್ತದೆ. ಮಾಡ್ಯೂಲ್ ಅನ್ನು ಸೆಟ್‌ನೊಳಗೇ ಕೂರಿಸುವವರು ಐಸೊಲೇಟೆಡ್ ಡಿಸಿ–ಡಿಸಿ ಕನ್ವರ್ಟರ್ (ಒಳಬರುವ ಕರೆಂಟಿಗೂ ಹೊರಹೋಗುವ ಕರೆಂಟಿಗೂ ತಂತಿಯ ಸಂಪರ್ಕವಿಲ್ಲದ್ದು) ಬಳಸಿದರೆ ಈ ತಲೆನೋವೇ ಬರುವುದಿಲ್ಲ.

ಪ್ರಶ್ನೆ: ಹೊಸ ಸೆಟ್‌ನ ಡಬ್ಬಿಯ ಮೇಲೆ ‘4×50 ವ್ಯಾಟ್’ ಎಂದಿದೆ. ಹಳೆಯದು ಇದರ ಮುಂದೆ ಏನೂ ಅಲ್ಲವೆ?

ಉತ್ತರ: ಲೆಕ್ಕ ಹಾಕಿ ನೋಡಿ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಈಗಿನ ಸೆಟ್‌ಗಳ ಬ್ರಿಡ್ಜ್ ಆಂಪ್ಲಿಫೈಯರ್ (ಸ್ಪೀಕರ್‌ನ ಎರಡೂ ತುದಿಯನ್ನು ಎದುರುಬದುರಾಗಿ ಓಡಿಸುವಂಥದು) 4 ಓಮ್ ಸ್ಪೀಕರ್‌ಗೆ ಒಡಕಿಲ್ಲದೆ ಕೊಡಬಹುದಾದ ಗರಿಷ್ಠ ಶಕ್ತಿ, ಒಳಗಿನ ನಷ್ಟವನ್ನು ಬಿಟ್ಟರೂ, 26 ವ್ಯಾಟ್ ದಾಟದು. ನಿಜದಲ್ಲಿ ಸಿಗುವುದು 20ರ ಆಸುಪಾಸು. ಡಬ್ಬಿಯ ಮೇಲಿನ 50, ಅಲೆ ಪೂರ್ತಿ ಚೌಕವಾಗುವಷ್ಟು ಒಡೆದಾಗಿನ ಸಂಖ್ಯೆ. ಸೆಟ್‌ನ ಹಿಂದಿನ ಫ್ಯೂಸ್ ಸಾಮಾನ್ಯವಾಗಿ 10 ಆಂಪಿಯರ್, ಅಂದರೆ 144 ವ್ಯಾಟ್. 200 ವ್ಯಾಟ್ ಹೊರಬರುವುದು ಎಲ್ಲಿಂದ?

ಆದರೂ ಹಳೆಯದಕ್ಕಿಂತ ಹೆಚ್ಚು ಎಂಬುದು ಸುಳ್ಳಲ್ಲ. ಬ್ರಿಡ್ಜ್ ಇಲ್ಲದ ಹಳೆಯ ಸೆಟ್‌ಗಳು ಅದೇ ಲೆಕ್ಕದಲ್ಲಿ ಸುಮಾರು 6 ವ್ಯಾಟ್‌ಗೇ ಸುಸ್ತಾಗುತ್ತವೆ.

ಪ್ರಶ್ನೆ: ಹೊಸ ಸೆಟ್ ಹಾಕಿಸಿದ ಮೇಲೆ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತವೆ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿಯೂ ಖಾಲಿ. ಸೆಟ್ಟೇ ಕೆಟ್ಟದ್ದೆ?

ಉತ್ತರ: ಸೆಟ್‌ಗೆ ಎರಡು ಪ್ಲಸ್ ಬೇಕು. ಹಳದಿ ವೈರು ಸದಾ 12 ವೋಲ್ಟ್, ನೆನಪು ಉಳಿಸುವುದೂ ಮುಖ್ಯ ಶಕ್ತಿ ಕೊಡುವುದೂ ಅದೇ. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್, ‘ಈಗ ಏಳು’ ಎನ್ನುವ ಸೂಚನೆ. ಕಪ್ಪು ಅರ್ಥ್. ನಿಮ್ಮಲ್ಲಿ ಹಳದಿ, ಕೆಂಪು ಅದಲುಬದಲಾಗಿವೆ. ಕೀ ತೆಗೆದಾಗ ಹಳದಿಗೆ ಕರೆಂಟು ನಿಲ್ಲುತ್ತದೆ, ನೆನಪು ಅಳಿಯುತ್ತದೆ. ಕೆಂಪಿಗೆ ಮಾತ್ರ ಸದಾ 12 ವೋಲ್ಟ್, ಹಾಗಾಗಿ ಕೆಲವು ಸೆಟ್‌ಗಳು ಪೂರ್ತಿ ಮಲಗುವುದೇ ಇಲ್ಲ. ಐಎಸ್‌ಒ ಕಪ್ಲರ್‌ನಲ್ಲಿ (ಅನೇಕ ಕಾರುಗಳಲ್ಲಿರುವ ಪ್ರಮಾಣಿತ ಜೋಡಣೆ) 4ನೇ ಪಿನ್ ಸದಾ ಕರೆಂಟು, 7ನೆಯದು ಕೀಯಿಂದ, 8 ಅರ್ಥ್. ಕೆಲವು ಯುರೋಪಿಯನ್ ಕಾರುಗಳಲ್ಲಿ 4 ಮತ್ತು 7 ಕಾರ್ಖಾನೆಯಿಂದಲೇ ತಿರುವುಮುರುವು. ಇದಕ್ಕೆಂದೇ ಅನೇಕ ಸೆಟ್‌ಗಳ ಹಳದಿ, ಕೆಂಪು ವೈರಿನ ನಡುವೆ ಬಿಚ್ಚಿ ಅದಲುಬದಲು ಮಾಡುವ ಸಣ್ಣ ಜೋಡಣೆ ಇರುತ್ತದೆ. ಕೀ ಇಟ್ಟು ಒಮ್ಮೆ, ತೆಗೆದು ಒಮ್ಮೆ ಮಲ್ಟಿಮೀಟರ್ ಹಿಡಿದರೆ ಯಾವುದು ಯಾವುದೆಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಣ್ಣ ನಂಬಬೇಡಿ, ಕಾರಿನ ಕಡೆಯ ವೈರುಗಳ ಬಣ್ಣ ಒಂದೊಂದು ಕಂಪನಿಯದು ಒಂದೊಂದು.

ಸರಿಪಡಿಸಿದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಸೋರಿಕೆ ಅಳೆಯಿರಿ. ಎಲ್ಲ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ 10 ಆಂಪಿಯರ್ ರೇಂಜ್‌ನಲ್ಲಿ ಮೀಟರ್ ಸೇರಿಸಿ. ಅರ್ಧ ಗಂಟೆ ಕಾದು ಓದಿ. ಈ ನಡುವೆ ಕೀ ತಿರುಗಿಸಿದಿರೋ, ಮೀಟರ್‌ನ ಫ್ಯೂಸ್ ಹೋದಂತೆ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ 45 ಆಂಪಿಯರ್–ಅವರ್ ಬ್ಯಾಟರಿ ಮೂರು ದಿನದಲ್ಲಿ ಅರ್ಧ ಖಾಲಿ, ಬೆಳಿಗ್ಗೆ ಸ್ಟಾರ್ಟ್ ಆಗುವುದು ಅನುಮಾನ.

ಪ್ರಶ್ನೆ: ಹೊಸ ಸೆಟ್‌ನಲ್ಲಿ ಎಫ್‌ಎಂ ಹಳೆಯದಕ್ಕಿಂತ ಕಡೆಯಾಗಿ ಬರುತ್ತಿದೆ.

ಉತ್ತರ: ಛಾವಣಿಯ ಅಥವಾ ಗಾಜಿನ ಆಂಟೆನಾದಲ್ಲಿ ಪುಟ್ಟ ಆಂಪ್ಲಿಫೈಯರ್ ಇದ್ದು ಅದಕ್ಕೆ 12 ವೋಲ್ಟ್ ತಲುಪದೆ ಇರಬಹುದು. ಹೊಸ ಸೆಟ್‌ನ ನೀಲಿ ವೈರನ್ನು ಅದಕ್ಕೆ ಮುಟ್ಟಿಸಬೇಕು. ಆಂಟೆನಾ ಕೇಬಲ್‌ನ ಮೂಲಕವೇ ಕರೆಂಟು ಹೋಗುವ ಕಾರಾದರೆ ಅದಕ್ಕೆಂದೇ ಇರುವ ಅಡಾಪ್ಟರ್ ನಡುವೆ ಬರಬೇಕು. ಜಪಾನ್‌ನ ಮಾರುಕಟ್ಟೆಗೆಂದು ತಯಾರಾದ ಕಾರಿನ ಮೂಲ ಸೆಟ್ಟಾದರೆ ಕಥೆ ಬೇರೆ: ಅಲ್ಲಿನ ಹಳೆಯ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ, ಮೇಲಿನ ಸ್ಟೇಷನ್‌ಗಳು ಅದಕ್ಕೆ ಕೇಳುವುದೇ ಇಲ್ಲ. ಅವನ್ನು ಕೆಳಕ್ಕಿಳಿಸಿಕೊಡುವ ಬ್ಯಾಂಡ್ ಎಕ್ಸ್‌ಪ್ಯಾಂಡರ್ ಇದೆ, ಆದರೆ ನಮಗೆ ಅದು ತೃಪ್ತಿ ಕೊಟ್ಟಿಲ್ಲ. ಇಂಥಲ್ಲಿ ಸೆಟ್ ಬದಲಾಯಿಸುವುದೇ ಮೇಲು.

ಪ್ರಶ್ನೆ: 1960ರ ದಶಕದ ಕಾರು. ಸ್ಪೀಕರ್‌ಗೆ ಒಂದೇ ವೈರು ಬಂದಿದೆ. ಹೊಸ ಸೆಟ್ ಜೋಡಿಸಬಹುದೆ?

ಉತ್ತರ: ಹಾಗೆಯೇ ಜೋಡಿಸಿದರೆ ಸೆಟ್ ಸುಡಬಹುದು. ಅಂದಿನ ಸ್ಪೀಕರ್‌ನ ಇನ್ನೊಂದು ತುದಿ ಕಾರಿನ ಮೈಗೇ ಅರ್ಥ್ ಆಗಿರುತ್ತದೆ. ಈಗಿನ ಸೆಟ್‌ನಲ್ಲಿ ಸ್ಪೀಕರ್‌ನ ಎರಡೂ ವೈರುಗಳ ಮೇಲೆ ಸುಮಾರು 6 ವೋಲ್ಟ್ ನಿಂತಿರುತ್ತದೆ, ಯಾವುದೂ ಅರ್ಥ್ ಅಲ್ಲ. ಒಂದನ್ನು ಕಾರಿನ ಮೈಗೆ ಮುಟ್ಟಿಸಿದರೆ ಸೆಟ್ ತಾನೇ ಆಫ್ ಆಗುತ್ತದೆ, ಇಲ್ಲವೇ ಔಟ್‌ಪುಟ್ ಐಸಿ (ಸ್ಪೀಕರ್‌ಗೆ ಶಕ್ತಿ ಕೊಡುವ ಚಿಪ್) ಸುಟ್ಟುಹೋಗುತ್ತದೆ. ಪ್ರತಿ ಸ್ಪೀಕರ್‌ಗೂ ಸೆಟ್‌ನಿಂದಲೇ ಎರಡೆಳೆಯ ಹೊಸ ವೈರು ಎಳೆಯಿರಿ, 0.75 ಚದರ ಮಿ.ಮೀ. ಸಾಕು. ತಗಡಿನ ತೂತಿನಲ್ಲಿ ಹಾಯುವಲ್ಲೆಲ್ಲ ರಬ್ಬರ್ ಗ್ರೋಮೆಟ್ (ವೈರು ಕೊಯ್ಯದಂತೆ ಕಾಯುವ ಬಳೆ) ಇರಲಿ.

ಅದಕ್ಕೂ ಮೊದಲು ಬ್ಯಾಟರಿ ನೋಡಿ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಕಾರಿನ ಮೈಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್. ಹೊಸ ಸೆಟ್‌ನ ಲೋಹದ ಮೈ ಮೈನಸ್. ಡ್ಯಾಶ್‌ಬೋರ್ಡ್‌ಗೆ ತಾಗಿದ ಕೂಡಲೇ ಶಾರ್ಟ್. ಸೆಟ್ಟನ್ನು ಬಾಡಿಯಿಂದ ಬೇರ್ಪಡಿಸಿ ಕೂರಿಸಿದರೂ ಆಂಟೆನಾ ಕೇಬಲ್‌ನ ಹೊರಜಾಲರಿ ಮತ್ತೆ ಕಾರಿನ ಮೈಗೇ ಮುಟ್ಟುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಐಸೊಲೇಟೆಡ್ 12–12 ವೋಲ್ಟ್ ಕನ್ವರ್ಟರ್ ಹಾಕುವುದು, ಇಲ್ಲವೇ ಇಡೀ ಕಾರನ್ನು ಮೈನಸ್ ಅರ್ಥ್‌ಗೆ ತಿರುಗಿಸುವುದು ಪರಿಹಾರ. ತಿರುಗಿಸುವಾಗ ಡೈನಮೊವನ್ನು ಹೊಸ ಧ್ರುವಕ್ಕೆ ಮರುಹೊಂದಿಸಬೇಕು, ಇಗ್ನಿಷನ್ ಕಾಯಿಲ್ ಮತ್ತು ಆಮೀಟರ್ ವೈರು ಅದಲುಬದಲಾಗಬೇಕು. ಇಂಥ ಕಾರಿಗೆ ನಾವು ಹೇಳುವುದು ಮೂಲ ರೇಡಿಯೊ ದುರಸ್ತಿ ಮಾಡಿಸಿ ಅಲ್ಲೇ ಬಿಡಿ ಎಂದು.

ಪ್ರಶ್ನೆ: ಬ್ಯಾಟರಿ ಬದಲಾಯಿಸಿದ್ದೇ ತಡ, ಸೆಟ್ ಕೋಡ್ ಕೇಳುತ್ತಿದೆ.

ಉತ್ತರ: ಊಹಿಸಿ ಒತ್ತುತ್ತಾ ಹೋಗಬೇಡಿ, ಕೆಲವು ತಪ್ಪಿನ ನಂತರ ಸೆಟ್ ಬೀಗ ಹಾಕಿಕೊಳ್ಳುತ್ತದೆ. ಮಾಲೀಕರ ಕೈಪಿಡಿಯ ಜೊತೆ ಕೋಡ್ ಕಾರ್ಡ್ ಇದೆಯೇ ನೋಡಿ. ಇಲ್ಲದಿದ್ದರೆ ಸೆಟ್ ಎಳೆದು ಅದರ ಮೈಮೇಲಿನ ಸೀರಿಯಲ್ ನಂಬರ್ ಬರೆದುಕೊಂಡು, ಕಾರು ನಿಮ್ಮದೆಂಬ ದಾಖಲೆಯೊಂದಿಗೆ ಕಂಪನಿಯ ಡೀಲರ್ ಬಳಿ ಹೋಗಿ. ಬೀಗ ಬಿದ್ದಿದ್ದರೆ ಕೆಲವು ಸೆಟ್‌ಗಳನ್ನು ಒಂದು ಗಂಟೆ ಆನ್ ಆಗಿಯೇ ಬಿಟ್ಟರೆ ಮತ್ತೆ ಅವಕಾಶ ಕೊಡುತ್ತವೆ.

ಪ್ರಶ್ನೆ: ಬದಲಾಯಿಸುವುದೇ ಎಂದು ನಿರ್ಧರಿಸಿದ್ದೇನೆ. ನಾನೇ ಬಿಚ್ಚಬಹುದೆ?

ಉತ್ತರ: ಬಹುದು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಏರ್‌ಬ್ಯಾಗ್ ಇದ್ದರೆ ಹತ್ತು ನಿಮಿಷ ಕಾಯಿರಿ. ಸೆಟ್‌ನ ಮುಖದ ಎರಡೂ ಬದಿಯಲ್ಲಿ ಎರಡೆರಡು ಸಣ್ಣ ತೂತುಗಳಿದ್ದರೆ ‘ಯು’ ಆಕಾರದ ಕಂಬಿ ಕೀಲಿ ಬೇಕು. ಕ್ಲಿಕ್ ಎನ್ನುವವರೆಗೆ ಒಳತಳ್ಳಿ, ಎರಡನ್ನೂ ಹೊರಬದಿಗೆ ಅಗಲಿಸುತ್ತಾ ಎಳೆಯಿರಿ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಡ್ಯಾಶ್‌ಬೋರ್ಡಿನ ಅಂಚು ಬಿರಿಯುವುದೇ ಹೆಚ್ಚು.

ಹೊಸದು ಕೊಳ್ಳುವ ಮುನ್ನ ಅಳೆಯಿರಿ. ಡಿನ್ ಎಂದರೆ ಸೆಟ್‌ನ ಮುಖದ ನಿಗದಿತ ಅಳತೆ: ಒಂದು ಡಿನ್ ಮುಖ ಸುಮಾರು 180×50 ಮಿ.ಮೀ., ಎರಡು ಡಿನ್ 180×100. ಆಳದಲ್ಲಿ ಸೆಟ್‌ನ ಹಿಂದೆ ವೈರುಗಳಿಗೆಂದು 40 ಮಿ.ಮೀ.ಯಾದರೂ ಉಳಿಯಬೇಕು. ಸ್ಟೀರಿಂಗ್ ಮೇಲೆ ಬಟನ್‌ಗಳಿದ್ದರೆ ಅವುಗಳಿಗೆ ಬೇರೆ ಇಂಟರ್‌ಫೇಸ್ ಬೇಕು. ಕಂಪನಿಯೇ ಪ್ರತ್ಯೇಕ ಆಂಪ್ಲಿಫೈಯರ್ ಕೊಟ್ಟಿರುವ ಕಾರಾದರೆ ಸ್ಪೀಕರ್‌ಗಳು 2 ಓಮ್ ಇರಬಹುದು, ಅವನ್ನು ಸೆಟ್‌ಗೆ ನೇರ ಜೋಡಿಸಬಾರದು.

ಇದೊಂದು ಮಾತ್ರ ಖಡಾಖಂಡಿತ: ಕಾರಿನ ಮೂಲ ಕಪ್ಲರ್ ಕತ್ತರಿಸಲು ಬಿಡಬೇಡಿ. ಕೆಲಸ ಬೇಗ ಮುಗಿಯಲೆಂದು ಅಂಗಡಿಯವರು ಕತ್ತರಿಸಿ, ತಂತಿ ತಿರುಚಿ, ಟೇಪ್ ಸುತ್ತುತ್ತಾರೆ. ಡ್ಯಾಶ್‌ಬೋರ್ಡಿನ ಶಾಖಕ್ಕೆ ಟೇಪಿನ ಅಂಟು ಇಳಿದು, ತಂತಿಗಳು ಒಂದಕ್ಕೊಂದು ತಾಗಿ ಫ್ಯೂಸ್ ಹೋಗುತ್ತದೆ. ನಿಮ್ಮ ಕಾರಿನ ಮಾದರಿಗೆ ಸಿಗುವ ಅಡಾಪ್ಟರ್ ಹಾರ್ನೆಸ್ (ಮೂಲ ಕಪ್ಲರ್‌ಗೆ ಸಿಕ್ಕುವ ವೈರುಗಳ ಕಟ್ಟು) ತಂದು, ಹೊಸ ಸೆಟ್‌ನ ವೈರುಗಳನ್ನು ಅದಕ್ಕೆ ಮೇಜಿನ ಮೇಲೆಯೇ ಬೆಸೆದು, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ, ಕಾರಿನಲ್ಲಿ ಬರೀ ಸಿಕ್ಕಿಸಿ. ಸೆಟ್‌ನ ಹಿಂಬದಿಯ ಬೋಲ್ಟ್‌ಗೆ ಆಧಾರಪಟ್ಟಿ ಹಾಕುವುದನ್ನು ಬಿಡಬೇಡಿ, ಇಲ್ಲದಿದ್ದರೆ ರಸ್ತೆಯ ಕುಲುಕಾಟಕ್ಕೆ ಸಿಡಿ ಜಿಗಿಯುತ್ತದೆ.

ತೆಗೆದ ಹಳೆ ಸೆಟ್ಟನ್ನು ಗುಜರಿಗೆ ಕೊಡಬೇಡಿ. ಮುಂದೆ ಕಾರನ್ನು ಮೂಲ ಸ್ಥಿತಿಯಲ್ಲೇ ಬಯಸುವವರು ಮೊದಲು ಕೇಳುವುದು ಅದನ್ನೇ. ಒಳಗೆ ಸಿಕ್ಕಿರುವ ಕ್ಯಾಸೆಟ್, ಸಿಡಿ ತೆಗೆದು, ಕೀಲಿ ಕಂಬಿ, ಮೂಲ ಚೌಕಟ್ಟು, ತಿರುಪುಗಳ ಜೊತೆ ಒಂದೇ ರಟ್ಟಿನ ಡಬ್ಬಿಯಲ್ಲಿಟ್ಟು, ಕೋಡನ್ನು ಸೆಟ್‌ನ ಮೇಲಲ್ಲ, ಬೇರೆ ಕಡೆ ಬರೆದಿಡಿ.