ಸಂಕಟವನ್ನು ಫೋಟೊ ಸರಣಿ ಮಾಡಿದರೆ ಮನಸ್ಸು ಹಗುರಾಗುತ್ತಾ?

ಬದುಕು ಕೈಕೊಟ್ಟಾಗ ಅದನ್ನೇ ಫೋಟೊ ಸರಣಿ ಮಾಡಿದರೆ ಸಮಾಧಾನ ಸಿಗುತ್ತಾ, ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ನನಗಂತೂ ಸಿಕ್ಕಿತು. ಆದರೆ ಫೋಟೊ ತೆಗೆಯುವಾಗ ಅಲ್ಲ, ಎಷ್ಟೋ ತಿಂಗಳಾದ ಮೇಲೆ.

ವಿಚ್ಛೇದನ ಆದ ಹೊಸದರಲ್ಲಿ ಕಿಟಕಿ ಪಕ್ಕ ಮುಖ ಬಾಡಿಸಿಕೊಂಡು ಕೂತು ಸೆಲ್ಫ್ ಟೈಮರ್ ಒತ್ತುತ್ತಿದ್ದೆ. 10 ಸೆಕೆಂಡು ಕಾಯುವಷ್ಟರಲ್ಲಿ ನಿಜವಾದ ಅಳುವೂ ನಾಟಕ ಆಗಿಬಿಡುತ್ತಿತ್ತು. ಅವನ್ನೆಲ್ಲ ಅಳಿಸಿಹಾಕಿದೆ.

ಆಮೇಲೆ ಮುಖದ ತಂಟೆ ಬಿಟ್ಟು ಮಂಚದ ಫೋಟೊ ತೆಗೆಯತೊಡಗಿದೆ. ದಿನಾ ಎದ್ದ ಕೂಡಲೇ, ಹೊದಿಕೆ ಮಡಚುವ ಮೊದಲು. ಟ್ರೈಪಾಡ್ ದಿನಾ ಅದೇ ಜಾಗದಲ್ಲಿ ನಿಲ್ಲುವ ಹಾಗೆ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದ್ದೆ. ಫ್ಲ್ಯಾಶ್ ಇಲ್ಲ, ಕಿಟಕಿಯ ಬೆಳಕು ಅಷ್ಟೇ. ಒಂದು ದಿನ ಎಲ್ಲವನ್ನೂ ಪ್ರಿಂಟ್ ಹಾಕಿಸಿ ನೆಲದ ಮೇಲೆ ಸಾಲಾಗಿ ಹರಡಿದೆ. ಮೊದಲ ಸಾಲುಗಳಲ್ಲಿ ದಿಂಬು ಗೋಡೆಗೆ ಒತ್ತಿಕೊಂಡಿದೆ, ಉಳಿದರ್ಧ ಹಾಸಿಗೆಯಲ್ಲಿ ಒಂದು ಸುಕ್ಕೂ ಇಲ್ಲ. ಬರಬರುತ್ತಾ ಆ ಖಾಲಿ ಜಾಗಕ್ಕೆ ಕನ್ನಡಕ ಬಂತು, ಪುಸ್ತಕ ಬಂತು, ಮಡಚದ ಬಟ್ಟೆಯ ರಾಶಿ ಬಂತು. (ಸೋಮಾರಿತನವೂ ಚೇತರಿಕೆಯ ಲಕ್ಷಣ ಇರಬಹುದು.) ಕೊನೆಯ ಸಾಲಿನಲ್ಲಿ ದಿಂಬು ನಡುಮಧ್ಯೆ ಇದೆ. ಅದು ಯಾವಾಗ ಸರಿಯಿತೋ ನನಗೇ ಗೊತ್ತಿರಲಿಲ್ಲ.

ಹಾಗಂತ ಮುಖ, ಮೈ ತೋರಿಸಲೇಬಾರದು ಅಂತಲ್ಲ. ಬ್ರಿಟನ್ನಿನ ಛಾಯಾಗ್ರಾಹಕಿ ಜೋ ಸ್ಪೆನ್ಸ್ ಅವರಿಗೆ 1982ರಲ್ಲಿ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್ನಿಗೆ ಮೊದಲು ಅವರು ತಮ್ಮ ಎದೆಯ ಮೇಲೆ 'ಇದು ಜೋ ಸ್ಪೆನ್ಸ್ ಸ್ವತ್ತೇ?' ಅನ್ನುವ ಅರ್ಥದ ಸಾಲು ಬರೆದು ಫೋಟೊ ಮಾಡಿದರು. ಅದರಲ್ಲಿ ಅಳು ಇಲ್ಲ, ಜಗಳ ಇದೆ. ಮುಂದೆ ರೋಸಿ ಮಾರ್ಟಿನ್ ಜೊತೆ ಸೇರಿ ಫೋಟೊ ಥೆರಪಿಯನ್ನು ಬೆಳೆಸಿದರು. ಅಲ್ಲಿ ಒಬ್ಬರು ತಮ್ಮ ಕಥೆಯ ಪಾತ್ರವಾಗಿ ನಿಂತರೆ ಇನ್ನೊಬ್ಬರು ಕ್ಯಾಮೆರಾ ಹಿಡಿಯುತ್ತಿದ್ದರು. ಜಪಾನಿನ ಛಾಯಾಗ್ರಾಹಕ ಮಸಾಹಿಸಾ ಫುಕಾಸೆ ವಿಚ್ಛೇದನದ ನಂತರ ವರ್ಷಗಟ್ಟಲೆ ಕಾಗೆಗಳ ಫೋಟೊ ತೆಗೆದರು. ಅವು ಕಾಗೆಗಳೇ, ಆದರೂ ನೋಡಿದವರಿಗೆ ವಿಷಯ ತಿಳಿಯುತ್ತದೆ ಅಲ್ವಾ?

ನಿಮ್ಮ ಹತ್ತಿರ ಮೊಬೈಲ್ ಇದ್ದರೆ ಸಾಕು. ದಿನಾ ಕಣ್ಣಿಗೆ ಬೀಳುವ ಒಂದು ವಸ್ತು ಆರಿಸಿಕೊಳ್ಳಿ. ತೆಗೆದ ರಾತ್ರಿಯೇ ಯಾರಿಗೂ ತೋರಿಸಬೇಡಿ, ಲೈಕ್ ಎಣಿಸೋಕೆ ಕೂತರೆ ಕೆಲಸ ಕೆಟ್ಟಿತು.

ಇನ್ನೊಂದು ಮಾತು. ನನ್ನ ಸರಣಿಯಲ್ಲಿ ನಡುವೆ 11 ದಿನ ಫೋಟೊ ಇಲ್ಲ. ನಿದ್ದೆ, ಊಟ ಎರಡೂ ಬಿಟ್ಟುಹೋಗಿ ಮನೋವೈದ್ಯರನ್ನು ಕಾಣಲು ಶುರು ಮಾಡಿದ ದಿನಗಳು ಅವು. ಪ್ರಿಂಟ್ ಜೋಡಿಸುವಾಗ ಆ 11 ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ.