ಈಥರ್: ಅಳಿಯ ಅಲ್ಲ, ಮಗಳ ಗಂಡ?

ಪ್ರಶ್ನೆ: ಬೆಳಕನ್ನು ಹೊತ್ತೊಯ್ಯಲು ಈಥರ್ ಎಂಬ ಮಾಧ್ಯಮ ಬೇಕಿಲ್ಲ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದೆ. ಈಗ ನೋಡಿದರೆ ಖಾಲಿ ಜಾಗದ ತುಂಬ ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರವಿದೆ, ನಿರ್ವಾತಕ್ಕೂ ಶಕ್ತಿಯಿದೆ, ದೇಶ-ಕಾಲವೇ ಬಾಗುತ್ತದೆ ಎನ್ನುತ್ತೀರಿ. ಐನ್‌ಸ್ಟೈನ್ ಕೂಡ ಕೊನೆಗೆ ಈಥರನ್ನು ಒಪ್ಪಿಕೊಂಡರೆಂದು ವಾಟ್ಸ್‌ಆ್ಯಪ್ ಸಂದೇಶವೊಂದು ಹೇಳುತ್ತಿದೆ. ಇದು ‘ಅಳಿಯ ಅಲ್ಲ, ಮಗಳ ಗಂಡ’ ಎಂದ ಹಾಗಾಗಲಿಲ್ಲವೇ?
– ಓದುಗರು, ಸಾಗರ

ಉತ್ತರ: ಗಾದೆ ಸೊಗಸಾಗಿದೆ. ಆದರೆ ಇವರಿಬ್ಬರ ಜಾತಕ ಬೇರೆ ಬೇರೆ. ಅಳಿಯನಿಗೆ ಒಂದು ಗುರುತಿತ್ತು, ಮಗಳ ಗಂಡನಿಗೆ ಅದಿಲ್ಲ. ಆ ಗುರುತು ಯಾವುದೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈಥರನ್ನು ಕಲ್ಪಿಸಿಕೊಂಡವರು ದಡ್ಡರಲ್ಲ. ನೀರಿಲ್ಲದೆ ತೆರೆಯಿಲ್ಲ, ಗಾಳಿಯಿಲ್ಲದೆ ಸದ್ದಿಲ್ಲ. ಬೆಳಕು ಅಲೆ ಎಂದು ಭೌತವಿಜ್ಞಾನಿಗಳಾದ ಯಂಗ್, ಫ್ರೆನೆಲ್ ತೋರಿಸಿಕೊಟ್ಟ ಮೇಲೆ ಅದಕ್ಕೂ ಅಲುಗಾಡುವ ಏನೋ ಒಂದು ಬೇಕೆಂದು ಅವರಿಗೆ ಅನ್ನಿಸಿದ್ದು ಸಹಜ. ತೊಡಕು ಬಂದದ್ದು ಬೆಳಕು ಅಡ್ಡ ತರಂಗವೆಂದು ಗೊತ್ತಾದಾಗ. ಹಗ್ಗವನ್ನು ಅಲುಗಿಸಿದಂತೆ ಅಡ್ಡಡ್ಡ ತುಯ್ಯುವ ಇಂಥ ಅಲೆ ಘನವಸ್ತುವಿನ ಒಡಲಲ್ಲಿ ಸಾಗೀತು, ದ್ರವದ ಒಡಲಲ್ಲಿ ಸಾಗದು. ಹಾಗಾದರೆ ಈಥರ್ ಗಟ್ಟಿಯಾಗಿ, ಬಿಗಿಯಾಗಿ ಇರಬೇಕು. ಅದೇ ಹೊತ್ತಿಗೆ ಭೂಮಿ, ಗುರು, ಶನಿ ಎಲ್ಲರೂ ಅದರೊಳಗೆ ತಡೆಯಿಲ್ಲದೆ ಸುತ್ತಾಡಿಕೊಂಡಿರಬೇಕು! ‘ಸರ್, ಇದು ನಮ್ಮೂರಿನ ಕಾನೂನಿನ ಹಾಗಿದೆ, ಸಣ್ಣವರಿಗೆ ಬಿಗಿ, ದೊಡ್ಡವರಿಗೆ ಸಡಿಲ’ ಎಂದು ನನ್ನ ವಿದ್ಯಾರ್ಥಿಯೊಬ್ಬ ಹೇಳಿದ್ದ. ಮೂವತ್ತೊಂದು ವರ್ಷ ಪಾಠ ಮಾಡಿದರೂ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಈಗ ಗುರುತಿನ ಮಾತು. ಈಥರ್ ಎಲ್ಲೆಡೆ ನಿಂತಿದ್ದು, ಭೂಮಿ ಅದರೊಳಗೆ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದ್ದರೆ ನಮಗೆ ಈಥರ್ ಗಾಳಿ ಬಡಿಯಬೇಕು. ಬೈಕಿನಲ್ಲಿ ಹೋಗುವವನಿಗೆ ನಿಂತ ಗಾಳಿಯೂ ಮುಖಕ್ಕೆ ಹೊಡೆಯುವುದಿಲ್ಲವೇ, ಹಾಗೆ. ಈ ಗಾಳಿಯನ್ನು ಅಳೆಯುವುದು ಹೇಗೆ? ತುಂಗಭದ್ರೆಯಲ್ಲಿ ಗಂಟೆಗೆ 5 ಕಿ.ಮೀ. ಸಾಗಬಲ್ಲ ಎರಡು ದೋಣಿಗಳಿವೆ ಎನ್ನಿ. ನೀರಿನ ಹರಿವು ಗಂಟೆಗೆ 3 ಕಿ.ಮೀ. ಒಂದು ದೋಣಿ 400 ಮೀಟರ್ ಅಗಲದ ಹೊಳೆಯನ್ನು ನೇರ ದಾಟಿ ವಾಪಸು ಬರುತ್ತದೆ, ಇನ್ನೊಂದು ಹರಿವಿನ ಜತೆ 400 ಮೀಟರ್ ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಲೆಕ್ಕ ಹಾಕಿ ನೋಡಿ: ಅಡ್ಡ ದಾಟಿದ್ದಕ್ಕೆ 12 ನಿಮಿಷ, ಹರಿವಿನ ಗುಂಟ ಹೋಗಿಬಂದದ್ದಕ್ಕೆ 15 ನಿಮಿಷ. ದಡದಲ್ಲಿ ಗಡಿಯಾರ ಹಿಡಿದು ಕೂತವನು ನೀರನ್ನು ಮುಟ್ಟದೆಯೇ ಹರಿವನ್ನು ಹೇಳಿಬಿಡಬಹುದು.

ಭೌತವಿಜ್ಞಾನಿ ಮೈಕಲ್ಸನ್ ದೋಣಿಯ ಜಾಗದಲ್ಲಿ ಬೆಳಕನ್ನು ಇಟ್ಟರು. ಒಂದೇ ದೀಪದ ಬೆಳಕನ್ನು ಎರಡಾಗಿ ಸೀಳಿ, ಒಂದಕ್ಕೊಂದು ಲಂಬವಾಗಿ ಓಡಿಸಿ, ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸಿದರೆ ಕಪ್ಪು-ಬಿಳಿ ಪಟ್ಟಿಗಳು ಮೂಡುತ್ತವೆ. ಇಬ್ಬರಲ್ಲಿ ಒಬ್ಬರು ತಡಮಾಡಿದರೂ ಪಟ್ಟಿ ಜರುಗುತ್ತದೆ. 1881ರಲ್ಲಿ ಬರ್ಲಿನ್ನಿನ ವಾಹನಗಳ ಅದುರು ತಾಳಲಾರದೆ ಅವರು ಪಾಟ್ಸ್‌ಡ್ಯಾಮಿಗೆ ಹೋದರು. ಅಲ್ಲಿಯೂ ನೂರು ಮೀಟರ್ ಆಚೆ ಕಾಲುಹಾದಿಯ ಮೇಲೆ ಯಾರಾದರೂ ಕಾಲು ಅಪ್ಪಳಿಸಿದರೆ ಪಟ್ಟಿಗಳು ಮಾಯವಾಗುತ್ತಿದ್ದವು. 1887ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ರಸಾಯನವಿಜ್ಞಾನಿ ಮಾರ್ಲೆ ಜತೆಗೂಡಿದರು. ಐದಡಿ ಚೌಕದ ದಪ್ಪ ಮರಳುಗಲ್ಲಿನ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಬಿಟ್ಟು, ಅದರ ಮೇಲೆ ಕನ್ನಡಿಗಳನ್ನು ಕೂರಿಸಿದರು. ಹಲವು ಸಲ ಪ್ರತಿಫಲಿಸಿ ಪ್ರತಿ ತೋಳಿನ ಉದ್ದ 11 ಮೀಟರ್ ಆಯಿತು. ಕಲ್ಲು ಆರು ನಿಮಿಷಕ್ಕೆ ಒಂದು ಸುತ್ತಿನಂತೆ ಮೆಲ್ಲಗೆ ತಿರುಗುತ್ತಿತ್ತು, ನೋಡುವವರು ಅದರ ಜತೆ ನಡೆಯುತ್ತ ನೋಡಬೇಕಿತ್ತು. ಈಥರ್ ಗಾಳಿ ಇದ್ದಿದ್ದರೆ ಪಟ್ಟಿ ತನ್ನ ಅಗಲದ 0.4ರಷ್ಟು ಜರುಗಬೇಕಿತ್ತು. ಜರುಗಿದ್ದು ಅದರ ಇಪ್ಪತ್ತನೆಯ ಒಂದು ಭಾಗವೂ ಅಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿ ನೋಡುತ್ತೇವೆ ಎಂದು ಬರೆದವರು ಕೊನೆಗೂ ಮಾಡಲಿಲ್ಲ. ನನಗೆ ಇದು ಮೊದಲಿನಿಂದಲೂ ಸಮಾಧಾನ ಕೊಡುವ ಸಂಗತಿ. ನನ್ನ ಮೇಜಿನಲ್ಲೂ ಅಂಥ ನಾಲ್ಕಾರು ಕೆಲಸ ಬಾಕಿ ಇವೆ.

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಈ ಉಪಕರಣದ ಚಿಕ್ಕ ತಮ್ಮನ ಜತೆ ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ. ಸೋಡಿಯಂ ದೀಪ ಮೊದಲು ಕೆಂಪಗೆ ಕಣ್ಣು ಬಿಟ್ಟು, ಹತ್ತು ನಿಮಿಷ ಕಾಯಿಸಿ ಹಳದಿಗೆ ತಿರುಗಿತು. ಕನ್ನಡಿಯ ಹಿಂದಿನ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮೂರು ಗಂಟೆ ಹೋಯಿತು. ಕಡೆಗೆ ಪಟ್ಟಿಗಳು ಕಂಡಾಗ ಸಂತೋಷಕ್ಕೆ ಮೇಜಿನ ಮೇಲೆ ಕೈ ಊರಿದೆ, ಎಲ್ಲ ನಡುಗಿ ಹೋಯಿತು. ಆಗ ಪ್ರಯೋಗಾಲಯದ ಸಹಾಯಕರು ಹತ್ತಿರ ಬಂದು, ಏನನ್ನೂ ಮುಟ್ಟದೆ, ಒಂದು ತೋಳಿನ ದಾರಿಯ ಕೆಳಗೆ ತಮ್ಮ ಅಂಗೈ ಹಿಡಿದರು. ಪಟ್ಟಿಗಳು ಅಂಗೈಯ ಬಿಸಿಗೆ ಮೆಲ್ಲಗೆ ಬಾಗಿದವು. ನಮ್ಮ ಉಪಕರಣದ ತೋಳು ಗೇಣುದ್ದದ್ದು, ಈಥರ್ ಗಾಳಿ ಇದ್ದರೂ ಅದರಲ್ಲಿ ಕಾಣುತ್ತಿರಲಿಲ್ಲ. ಆದರೆ ಅಂಗೈಯ ಬಿಸಿಗೆ ಬಾಗುವ ಪಟ್ಟಿಯನ್ನು ಕಣ್ಣಾರೆ ಕಂಡ ಮೇಲೆ, ಕ್ಲೀವ್‌ಲೆಂಡಿನ ಪಟ್ಟಿ ಇಡೀ ಭೂಮಿಯ ಓಟಕ್ಕೂ ಜಗ್ಗಲಿಲ್ಲ ಎಂಬುದು ನನಗೆ ಪುಸ್ತಕದ ಸಾಲಾಗಿ ಉಳಿಯಲಿಲ್ಲ. ಜರ್ಮನಿಯ ಪ್ರಯೋಗಾಲಯಗಳು 2009ರಲ್ಲಿ ಇದನ್ನೇ ಹೊಸ ಬಗೆಯಲ್ಲಿ ಅಳೆದವು. ದಿಕ್ಕು ಬದಲಾದರೆ ಬೆಳಕಿನ ವೇಗ ಸಾವಿರ ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟೂ ಬದಲಾಗುವಂತೆ ಕಾಣಲಿಲ್ಲ.

ಗುರುತು ಇದೇ. ಹಳೆಯ ಈಥರಿಗೆ ನಿಂತ ನೆಲೆಯೊಂದಿತ್ತು, ಅದಕ್ಕೆ ಹೋಲಿಸಿ ನಿಮ್ಮ ವೇಗ ಇಷ್ಟು ಎಂದು ಹೇಳಬಹುದಿತ್ತು. ಹಿಗ್ಸ್ ಕ್ಷೇತ್ರಕ್ಕೆ ಅದಿಲ್ಲ. ಅದು ಎಲ್ಲೆಡೆ ಸೊನ್ನೆಯಲ್ಲದ ಒಂದೇ ಬೆಲೆಯಲ್ಲಿ ತುಂಬಿಕೊಂಡಿದೆ, 2012ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಅದರ ಕಣವೂ ಸಿಕ್ಕಿತು. ಆದರೆ ನೀವು ನಿಂತು ನೋಡಿ, ಓಡುತ್ತ ನೋಡಿ, ಆ ಬೆಲೆ ಅಷ್ಟೇ. ಅದರ ಗಾಳಿ ಯಾರ ಮುಖಕ್ಕೂ ಬಡಿಯದು. ನೀವು ಕೇಳಿದ ಶಕ್ತಿಯುಳ್ಳ ನಿರ್ವಾತವೂ, ಅಂದರೆ ಕ್ವಾಂಟಂ ನಿರ್ವಾತವೂ, ಹೀಗೆಯೇ. ವಿದ್ಯುದಾವೇಶವಿಲ್ಲದ ಎರಡು ಲೋಹದ ಫಲಕಗಳು ನಿರ್ವಾತದಲ್ಲಿ ಒಂದನ್ನೊಂದು ಎಳೆಯುತ್ತವೆ ಎಂದು ಡಚ್ ಭೌತವಿಜ್ಞಾನಿ ಕ್ಯಾಸಿಮಿರ್ 1948ರಲ್ಲಿ ಹೇಳಿದ್ದು ಅಳತೆಯಲ್ಲಿ ನಿಜವೇ ಆಯಿತು. ಖಾಲಿ ಜಾಗ ಬರಿಯ ಖಾಲಿಯಲ್ಲ ಎಂಬುದು ಒಪ್ಪಬೇಕಾದ ಮಾತು. ಅದರಲ್ಲಿ ನಾವು ಎಷ್ಟು ಜೋರಾಗಿ ಓಡುತ್ತಿದ್ದೇವೆ ಎಂಬ ಪ್ರಶ್ನೆಗೆ ಮಾತ್ರ ಅರ್ಥವಿಲ್ಲ.

ಇನ್ನು ಐನ್‌ಸ್ಟೈನ್. ವಾಟ್ಸ್‌ಆ್ಯಪ್ ಸಂದೇಶ ಅರ್ಧ ನಿಜ. 1905ರಲ್ಲಿ ಅವರು ಹೇಳಿದ್ದು ಈಥರ್ ‘ಇಲ್ಲ’ ಎಂದಲ್ಲ, ‘ಬೇಕಾಗಿಲ್ಲ’ ಎಂದು. 1920ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ, ಈಥರನ್ನು ಬಿಡಲೊಲ್ಲದ ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಅವರ ಊರಿನಲ್ಲೇ ಮಾತನಾಡುತ್ತ, ತಮ್ಮ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯಲ್ಲಿ ಖಾಲಿ ಜಾಗಕ್ಕೇ ಭೌತಿಕ ಗುಣಗಳಿವೆ, ಆ ಅರ್ಥದಲ್ಲಿ ಈಥರ್ ಇದೆ ಎಂದರು. ಅದೇ ಭಾಷಣದ ಕೊನೆಯಲ್ಲಿ, ಈ ಈಥರಿಗೆ ಚಲನೆಯ ಕಲ್ಪನೆಯನ್ನು ಹಚ್ಚಕೂಡದು ಎಂದೂ ಸೇರಿಸಿದರು. ಸಂದೇಶ ಕಳಿಸಿದವರು ಈ ಕೊನೆಯನ್ನು ಕತ್ತರಿಸಿದ್ದಾರೆ.

ಭೌತಶಾಸ್ತ್ರಕ್ಕೆ ಈಥರ್ ಬೇಕೇ ಎಂದರೆ ಬೇಡ ಎನ್ನುತ್ತೇನೆ. ನಿರ್ವಾತಕ್ಕೆ ಆ ಹೆಸರಿಟ್ಟರೆ ಸಮೀಕರಣಗಳೇನೂ ಮುನಿಸಿಕೊಳ್ಳುವುದಿಲ್ಲ. ಆದರೆ ಆ ಹೆಸರು ಬಂದರೆ ಹಿಂದೆಯೇ ಗಾಳಿಯೂ ಬರುತ್ತದೆ, ಮತ್ತೆ ನನಗೇ ಪತ್ರ ಬರುತ್ತದೆ.

ಪ್ರಶ್ನೆ: ಮಹಾಸ್ಫೋಟದಿಂದ ಉಳಿದು ಎಲ್ಲೆಡೆ ಹರಡಿರುವ ವಿಶ್ವದ ಹಿನ್ನೆಲೆ ವಿಕಿರಣಕ್ಕೆ ಹೋಲಿಸಿ ಸೌರಮಂಡಲದ ವೇಗವನ್ನು ಅಳೆದಿದ್ದಾರಲ್ಲ? ಅದೇ ಈಥರ್ ಎನ್ನಬಾರದೇಕೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಜಾಣ ಪ್ರಶ್ನೆ. ಅಳೆದದ್ದು ನಿಜ: ಸೆಕೆಂಡಿಗೆ ಸುಮಾರು 370 ಕಿ.ಮೀ., ಸಿಂಹ ರಾಶಿಯ ಕಡೆಗೆ. ಆ ದಿಕ್ಕಿನಲ್ಲಿ ವಿಕಿರಣ ಸರಾಸರಿಗಿಂತ ಎಂಟುನೂರರಲ್ಲಿ ಒಂದು ಪಾಲಿನಷ್ಟು ಬೆಚ್ಚಗಿದೆ, ಬೆನ್ನ ಹಿಂದೆ ಅಷ್ಟೇ ತಣ್ಣಗಿದೆ. ಆದರೆ ನುಣುಪು ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಬಸ್ಸನ್ನು ನೆನೆಸಿಕೊಳ್ಳಿ. ಕಿಟಕಿ ತೆರೆದರೆ ಮರಗಳು ಹಿಂದೋಡುತ್ತವೆ, ವೇಗ ಗೊತ್ತಾಗುತ್ತದೆ. ಕಿಟಕಿ ಮುಚ್ಚಿ, ಒಳಗೇ ಏನು ಪ್ರಯೋಗ ಮಾಡಿದರೂ ಗೊತ್ತಾಗದು. ಹಿನ್ನೆಲೆ ವಿಕಿರಣ ದಾರಿಬದಿಯ ಮರ. ಮೈಕಲ್ಸನ್ ಮುಚ್ಚಿದ ಕಿಟಕಿಯ ಹಿಂದೆ ಕೂತು ಹುಡುಕಿದವರು.

ಪ್ರಶ್ನೆ: ನಮ್ಮ ಪಂಚಭೂತಗಳಲ್ಲಿನ ಆಕಾಶವೇ ಈಥರ್ ಅಲ್ಲವೇ?
– ಓದುಗರು, ಉಡುಪಿ

ಉತ್ತರ: ಅಲ್ಲ. ನ್ಯಾಯ-ವೈಶೇಷಿಕ ದರ್ಶನದವರು ಆಕಾಶಕ್ಕೆ ಕೊಟ್ಟ ಗುಣ ಶಬ್ದ, ಬೆಳಕು ಅವರಲ್ಲಿ ತೇಜಸ್ಸಿಗೆ, ಅಂದರೆ ಅಗ್ನಿಗೆ, ಸೇರಿದ್ದು. ಈಥರ್ ಹುಟ್ಟಿದ್ದು ಬೆಳಕನ್ನು ಹೊರಲು. ಇಂಗ್ಲಿಷ್ ಅನುವಾದಕರು ಆಕಾಶಕ್ಕೆ ‘ಈಥರ್’ ಎಂದು ಬರೆದದ್ದೇ ಈ ಗೊಂದಲಕ್ಕೆ ಇಂಬುಕೊಟ್ಟಿತು.

ಪ್ರಶ್ನೆ: ಕಂಪ್ಯೂಟರಿನ ಈಥರ್‌ನೆಟ್ ಕೇಬಲ್ಲಿಗೂ ಇದಕ್ಕೂ ಸಂಬಂಧವಿದೆಯೇ?
– ಓದುಗರು, ತುಮಕೂರು

ಉತ್ತರ: ಇದೆ. 1973ರಲ್ಲಿ ಜೆರಾಕ್ಸ್ ಕಂಪನಿಯಲ್ಲಿದ್ದ ಮೆಟ್‌ಕಾಫ್, ಎಲ್ಲ ಯಂತ್ರಗಳ ಸಂದೇಶವನ್ನೂ ತಾನು ಸುಮ್ಮನಿದ್ದು ಹೊರುವ ತಂತಿಗೆ ಬೆಳಕಿನ ಈಥರಿನ ನೆನಪಿನಲ್ಲೇ ಆ ಹೆಸರಿಟ್ಟರು. ನಮ್ಮ ಮನೆಯ ಈಥರಿನ ಕ್ಲಿಪ್ಪು ಮುರಿದು ಎರಡು ವರ್ಷವಾಯಿತು. ಬಸ್ ಟಿಕೆಟ್ ಮಡಚಿ ಸಿಕ್ಕಿಸಿದ್ದೇನೆ, ಸದ್ಯಕ್ಕೆ ನಡೆಯುತ್ತಿದೆ.