ಓದುಗರ ಪ್ರಶ್ನೆ: ಎಣಿಸದೆ ಸಹಿ ಹಾಕಿದ್ದೇನೆ, ಈಗೇನು ಮಾಡಲಿ?

ಪ್ರಶ್ನೆ: ನಮಸ್ಕಾರ ಅಕ್ಕ. ನನಗೆ ಇಪ್ಪತ್ತೊಂದು ವರ್ಷ. ಬಿ.ಕಾಂ. ಮುಗಿಸಿ ಉಡುಪಿಯ ಒಂದು ಸೂಪರ್‌ಮಾರ್ಕೆಟ್‌ನ ಸ್ಟೋರ್ ರೂಮಿನಲ್ಲಿ ಕೆಲಸಕ್ಕೆ ಸೇರಿ ಹತ್ತೊಂಬತ್ತು ದಿನಗಳಾದವು. ಇದು ನನ್ನ ಮೊದಲ ಕೆಲಸ. ಸೇರಿದ ದಿನ ಸೂಪರ್‌ವೈಸರ್ ಕೈಗೊಂದು ಸ್ಕ್ಯಾನರ್ ಕೊಟ್ಟು, ‘ನೋಡಿ ನೋಡಿ ಕಲಿತುಕೋ’ ಎಂದರು. ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ನನಗಿಂತ ಮೊದಲು ಇದ್ದವರು ಹಿಂದಿನ ವಾರವೇ ಕೆಲಸ ಬಿಟ್ಟಿದ್ದರಂತೆ. ಹತ್ತನೆಯ ದಿನ ಹಾಲಿನ ಪುಡಿಯ ಲೋಡು ಬಂತು. ಬಿಲ್ಲಿನಲ್ಲಿ 12 ಕೇಸ್ (ರಟ್ಟಿನ ಪೆಟ್ಟಿಗೆ) ಎಂದಿತ್ತು. ಹೊರಗೆ ಜೋರು ಮಳೆ, ಡ್ರೈವರ್‌ಗೆ ಕುಂದಾಪುರಕ್ಕೆ ಹೋಗುವ ಅವಸರ. ಸೀಲು ಒತ್ತಿ ಸಹಿ ಹಾಕಿಬಿಟ್ಟೆ. ಸಂಜೆ ಎಣಿಸಿದರೆ 11. ಒಂದು ಕೇಸಿನ 4,320 ರೂಪಾಯಿಯನ್ನು ನನ್ನ ಸಂಬಳದಿಂದ ಹಿಡಿಯುತ್ತಾರಂತೆ. ಮೊನ್ನೆ ರ‍್ಯಾಕಿನ ಹಿಂಭಾಗದಲ್ಲಿ ಅವಧಿ ಮುಗಿದ ರಸ್ಕಿನ ಒಂಬತ್ತು ಪ್ಯಾಕೆಟ್ ಸಿಕ್ಕವು. ಅದರ ಎದುರಿಗೆ ಹೊಸದನ್ನು ಜೋಡಿಸಿದವನೂ ನಾನೇ. ಮನೆಯಲ್ಲಿ ಏನೂ ಹೇಳಿಲ್ಲ. ಕೆಲಸ ಬಿಡಲೇ?
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಬಿಡಬೇಡಿ. ಆ ಹಾಲಿನ ಪುಡಿಯ ಲೆಕ್ಕ ಇತ್ಯರ್ಥವಾಗುವವರೆಗಂತೂ ಬಿಡಲೇಬೇಡಿ. ಈಗ ಬಿಟ್ಟರೆ ಹನ್ನೆರಡನೆಯ ಕೇಸನ್ನು ನೀವೇ ಹೊತ್ತುಕೊಂಡು ಹೋದಿರಿ ಎಂದು ಮಾತಾಡುವವರಿಗೆ ನೀವೇ ಎಲೆ ಹಾಕಿ ಬಡಿಸಿದಂತಾಗುತ್ತದೆ.

ನಿಮ್ಮ ಪತ್ರ ಓದುತ್ತಿದ್ದಾಗ ನನ್ನ ಮೂಗಿಗೆ ಒದ್ದೆ ಕಾಗದದ ವಾಸನೆ ಬಂತು. 1992ರಲ್ಲಿ ಮೂಲ್ಕಿಯಿಂದ ಬಸ್ಸು ಹಿಡಿದು ಮಂಗಳೂರಿನ ಬಂದರಿನ ಒಂದು ಸಗಟು ಅಂಗಡಿಗೆ ಹೋಗುತ್ತಿದ್ದೆ. ನೋಟ್‌ಬುಕ್ಕು, ಸ್ಲೇಟು, ಕಂಪಾಸ್ ಪೆಟ್ಟಿಗೆಗಳ ವ್ಯಾಪಾರ. ನನ್ನನ್ನು ಕರೆದದ್ದು ಲೆಕ್ಕ ಬರೆಯುವುದಕ್ಕೆ, ನಿಲ್ಲಿಸಿದ್ದು ಗೋದಾಮಿನಲ್ಲಿ. ಶಾಲೆ ಶುರುವಾಗುವ ಮೊದಲು, ಮೇ ತಿಂಗಳ ಸೆಕೆಯಲ್ಲಿ ನೋಟ್‌ಬುಕ್ಕಿನ ಕಟ್ಟುಗಳನ್ನು ಸಿಮೆಂಟು ನೆಲದ ಮೇಲೆ, ಗೋಡೆಗೆ ಒತ್ತಿಸಿ, ಎದೆಯೆತ್ತರಕ್ಕೆ ಚೆಂದವಾಗಿ ಜೋಡಿಸಿದೆ. ಯಜಮಾನರು ಬಂದು ಹೊಗಳಿಯೂ ಹೋದರು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಒಂದು ಹನಿಯೂ ಒಳಗೆ ಸೋರಲಿಲ್ಲ. ಆದರೂ ಕೆಳಗಿನ ಎರಡು ಸಾಲು ಉಬ್ಬಿ, ರಟ್ಟು ಹಪ್ಪಳದಂತೆ ಡೊಂಕಾಯಿತು. ನಮ್ಮ ಕರಾವಳಿಯಲ್ಲಿ ನೀರು ಮಾಡಿನಿಂದ ಮಾತ್ರ ಬರುವುದಿಲ್ಲ, ನೆಲದಿಂದಲೂ ಗೋಡೆಯಿಂದಲೂ ಬರುತ್ತದೆ ಎನ್ನುವುದು ಆ ಊರಿನಲ್ಲೇ ಹುಟ್ಟಿದ ನನಗೆ ಹೊಳೆದಿರಲಿಲ್ಲ. ಹೊಗಳಿದ ಯಜಮಾನರೇ ಬೈದರು. ಲೋಡು ಇಳಿಸುತ್ತಿದ್ದ ಹಿರಿಯರೊಬ್ಬರಿದ್ದರು, ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಅವರು ಬಂದು, ಕಟ್ಟಿಗೂ ಗೋಡೆಗೂ ನಡುವೆ ತಮ್ಮ ಮುಷ್ಟಿಯನ್ನು ತೂರಿಸಿ ತೋರಿಸಿದರು. ಕೆಳಗೆ ಹಲಗೆ, ಪಕ್ಕದಲ್ಲಿ ಮುಷ್ಟಿಯಷ್ಟು ಜಾಗ. ನನಗೆ ಸಿಕ್ಕಿದ ತರಬೇತಿ ಅಷ್ಟೇ, ಅರ್ಧ ನಿಮಿಷದ್ದು. ಅದನ್ನು ಮೇ ತಿಂಗಳಲ್ಲೇ ತೋರಿಸಿದ್ದರೆ ಎಷ್ಟೋ ಮಕ್ಕಳಿಗೆ ನೆಟ್ಟಗಿನ ನೋಟ್‌ಬುಕ್ಕು ಸಿಗುತ್ತಿತ್ತು.

ಈಗ ನಿಮ್ಮ 4,320 ರೂಪಾಯಿಯ ವಿಷಯ. ನಷ್ಟವಾಯಿತೆಂದು ಅಂಗಡಿಯವರು ಮನಸ್ಸಿಗೆ ಬಂದಷ್ಟು ಹಿಡಿದುಕೊಳ್ಳುವಂತಿಲ್ಲ. ಮಾಲನ್ನು ನಿಮ್ಮ ಜವಾಬ್ದಾರಿಗೆಂದೇ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟ ನೇರವಾಗಿ ನಿಮ್ಮ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ನಿಮ್ಮ ಮಾತನ್ನು ಕೇಳಬೇಕು. ವೇತನದ ಕಾನೂನು ಹೇಳುವುದು ಇದನ್ನು. ಕಾನೂನಿನ ಪುಸ್ತಕ ಹಿಡಿದು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ಒಂದು ಬಿಳಿ ಹಾಳೆಯಲ್ಲಿ ಮರ್ಯಾದೆಯಿಂದ ಹೀಗೆ ಬರೆದುಕೊಡಿ: ‘ಇಂಥ ದಿನ ಬಂದ ಹಾಲಿನ ಪುಡಿಯಲ್ಲಿ ಒಂದು ಕೇಸ್ ಕಡಿಮೆ ಇರುವುದು ಅದೇ ದಿನ ಸಂಜೆ ಎಣಿಸುವಾಗ ತಿಳಿಯಿತು. ಮಾಲು ಒಳಗೆ ತೆಗೆದುಕೊಳ್ಳುವ ಕ್ರಮವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸರಬರಾಜುದಾರರಲ್ಲಿ ವಿಚಾರಿಸಬೇಕೆಂದು ಕೋರುತ್ತೇನೆ.’ ತಾರೀಕು ಹಾಕಿ, ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಹೆಚ್ಚಿನ ಸಂದರ್ಭಗಳಲ್ಲಿ ಕೇಸು ಕಳವಾಗಿರುವುದಿಲ್ಲ. ಹಿಂದಿನ ಅಂಗಡಿಯಲ್ಲಿ ಒಂದು ಹೆಚ್ಚು ಇಳಿದಿರುತ್ತದೆ, ಇಲ್ಲವೇ ವ್ಯಾನಿನ ಮೂಲೆಯಲ್ಲೇ ಉಳಿದಿರುತ್ತದೆ. ಏಜೆನ್ಸಿಗೆ ಒಂದು ಫೋನು ಮಾಡಿದರೆ ಗೊತ್ತಾಗುವ ಸಂಗತಿಯನ್ನು ಹೊಸ ಹುಡುಗನ ತಲೆಗೆ ಕಟ್ಟುವುದು ಸುಲಭ ಎಂದು ಕಟ್ಟುತ್ತಾರೆ.

ಹಾಗೆಯೇ ನೇಮಕಾತಿ ಪತ್ರ ಕೇಳಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ನಮ್ಮ ರಾಜ್ಯದಲ್ಲಿರುವ 1961ರ ಕಾಯ್ದೆಯಂತೆ, ಸೇರಿದ 30 ದಿನಗಳೊಳಗೆ ಅದನ್ನು ಬರಹದಲ್ಲಿ ಕೊಡಬೇಕು. ಅಂಗಡಿಯವರಿಗೆ ಇನ್ನೂ ಹನ್ನೊಂದು ದಿನ ಇದೆ. ನಿಮ್ಮ ಕೆಲಸ ಯಾವುದು, ಸಂಬಳ ಎಷ್ಟು ಎಂಬುದು ಅದರಲ್ಲಿರುತ್ತದೆ. ಯಾವುದೂ ಆಗದಿದ್ದರೆ ಜಿಲ್ಲಾ ಕಾರ್ಮಿಕ ಕಚೇರಿ ಇದ್ದೇ ಇದೆ, ಆದರೆ ಅದು ಕೊನೆಯ ಮೆಟ್ಟಿಲು.

ಆದರೆ ತಮ್ಮಾ, ಎಣಿಸದೆ ಸಹಿ ಹಾಕಿದ್ದು ತಪ್ಪೇ. ಸ್ಟೋರ್ ರೂಮಿನಲ್ಲಿ ನಿಮ್ಮ ಸಹಿಗೆ ಇರುವ ಬೆಲೆ ನಿಮ್ಮ ಡಿಗ್ರಿಗೂ ಇಲ್ಲ. ಮಳೆ ಬರುತ್ತಿದ್ದರೆ ಮಾಲನ್ನು ಮೊದಲು ಒಳಗೆ ತನ್ನಿ, ಸಹಿ ಆಮೇಲೆ. ಡ್ರೈವರ್‌ಗೆ ಅವಸರ ಇರಲಿ, ಡ್ರೈವರ್ ಎಂದರೆ ಅವಸರವೇ. ಒಂದು ಅಡ್ಡ ಸಾಲಿನಲ್ಲಿ ಎಷ್ಟು, ಮೇಲಕ್ಕೆ ಎಷ್ಟು ಸಾಲು ಎಂದು ಗುಣಿಸಿ ಎಣಿಸಿದರೆ ಹನ್ನೆರಡು ಕೇಸಿಗೆ ಒಂದು ನಿಮಿಷವೂ ಬೇಡ. ಟೇಪಿನ ಮೇಲೆ ಇನ್ನೊಂದು ಟೇಪು ಅಂಟಿಸಿದ ಪೆಟ್ಟಿಗೆ ಕಂಡರೆ ಅಲ್ಲೇ ಬಿಚ್ಚಿ ನೋಡಿ. ಕಡಿಮೆ ಇದ್ದರೆ ಡ್ರೈವರ್ ಕೊಂಡೊಯ್ಯುವ ಪ್ರತಿಯಲ್ಲೂ ನಿಮ್ಮ ಪ್ರತಿಯಲ್ಲೂ ‘1 ಕೇಸ್ ಕಡಿಮೆ’ ಎಂದು ಬರೆದು ಅವನ ಸಹಿಯನ್ನೂ ಹಾಕಿಸಿಕೊಳ್ಳಿ. ಏನು ಮಾಡಿದರೂ ಎಣಿಸಲು ಆಗಲಿಲ್ಲವೇ? ಸಹಿಯ ಪಕ್ಕದಲ್ಲಿ ‘ಎಣಿಕೆ ಬಾಕಿ’ ಎಂದು ಬರೆಯಿರಿ. ಆ ಎರಡು ಪದ ಇದ್ದಿದ್ದರೆ ಇಂದು ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ.

ಇನ್ನು ರಸ್ಕು. ಇಲ್ಲಿ ಹೊಸಬರೆಲ್ಲ ಸ್ಕ್ಯಾನರನ್ನು ನಂಬಿ ಕೆಡುತ್ತಾರೆ. ಪೊಟ್ಟಣದ ಮೇಲಿನ ಬಾರ್‌ಕೋಡಿಗೆ, ಸಾಮಾನ್ಯವಾಗಿ 890ರಿಂದ ಶುರುವಾಗುವ ಆ ಹದಿಮೂರು ಅಂಕಿಗಳಿಗೆ, ಇದು ಯಾವ ಕಂಪೆನಿಯ ಯಾವ ಸಾಮಾನು ಎಂಬುದಷ್ಟೇ ಗೊತ್ತು. ಯಾವಾಗ ತಯಾರಾಯಿತು, ಯಾವಾಗ ಅವಧಿ ಮುಗಿಯುತ್ತದೆ ಎಂಬುದು ಗೊತ್ತಿಲ್ಲ. ಸ್ಕ್ಯಾನರ್ ‘ಪೀಂ’ ಎಂದಿತೆಂದರೆ ಮಾಲು ಸರಿಯಿದೆ ಎಂದಲ್ಲ. ತಾರೀಕನ್ನು ಕಣ್ಣೇ ಓದಬೇಕು. ಕೆಲವು ಪೊಟ್ಟಣಗಳಲ್ಲಿ ಅವಧಿ ಮುಗಿಯುವ ತಾರೀಕೇ ಇರುವುದಿಲ್ಲ, ‘ತಯಾರಾದ ದಿನದಿಂದ ಇಷ್ಟು ತಿಂಗಳು’ ಎಂದಷ್ಟೇ ಇರುತ್ತದೆ. ಅದನ್ನು ಕೂಡಿಸಿ, ಪೆಟ್ಟಿಗೆಯ ಹೊರಗೆ ದಪ್ಪ ಮಾರ್ಕರಿನಲ್ಲಿ ತಿಂಗಳು ಬರೆದಿಡಿ. ‘ಮೊದಲು ಬಂದದ್ದು ಮೊದಲು ಹೋಗಲಿ’ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಏಜೆನ್ಸಿಯವರು ತಮ್ಮಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮಾಲನ್ನು ಇವತ್ತಿನ ಬಿಲ್ಲಿನಲ್ಲಿ ದಾಟಿಸುವುದುಂಟು. ಹಾಗಾಗಿ ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೋಗಬೇಕು, ಅದು ನಿನ್ನೆ ಬಂದಿದ್ದರೂ ಸರಿ.

ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಇರುವುದನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಸೋಪು, ಟೂತ್‌ಪೇಸ್ಟು, ಬಿಸ್ಕೆಟಿನ ಬೆಲೆ ಬದಲಾದಾಗ ಹಳೆಯ ಬೆಲೆಯದ್ದೂ ಹೊಸ ಬೆಲೆಯದ್ದೂ ಒಂದೇ ರ‍್ಯಾಕಿನಲ್ಲಿ ಕುಳಿತಿದ್ದವು. ಕಂಪ್ಯೂಟರ್ ಎರಡು ಬೆಲೆ ತೋರಿಸಿ ಯಾವುದು ಎಂದು ಕೇಳಿದರೆ ಕೈಯಲ್ಲಿರುವ ಪೊಟ್ಟಣ ನೋಡಿ ಒತ್ತಿ, ಅಂದಾಜಿಗೆ ಒತ್ತಬೇಡಿ. ಲೆಕ್ಕ ಬರೆಯುವಾಗ ಇಡೀ ಕೇಸಿಗೂ ಬಿಡಿ ಪೀಸಿಗೂ ಅದಲುಬದಲು ಮಾಡಬೇಡಿ. ಸಾಬೂನಿನ ಪಕ್ಕದಲ್ಲಿ ಚಹಾಪುಡಿ ಇಡಬೇಡಿ, ವಾರದಲ್ಲಿ ಚಹಾ ಸಾಬೂನಾಗುತ್ತದೆ. ಒಣಮೀನು ಮಾರುವ ಅಂಗಡಿಯಾದರೆ ಅದರ ಪಕ್ಕದಲ್ಲಿ ಯಾವುದನ್ನೂ ಇಡಬೇಡಿ.

ಕೇಳುವುದು ಹೇಗೆ ಎಂದಿರಾ? ಅಂಗಿಯ ಜೇಬಿನಲ್ಲಿ ಹತ್ತು ರೂಪಾಯಿಯ ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಗೊತ್ತಾಗದ್ದನ್ನು ಆಗಾಗಲೇ ಬರೆದಿಟ್ಟು, ಬೆಳಗ್ಗೆ ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ ಒಟ್ಟಿಗೆ ಕೇಳಿ. ಸೂಪರ್‌ವೈಸರ್ ಗದರಿದರೆ ಬಿಲ್ಲಿಂಗಿನಲ್ಲಿ ವರ್ಷಗಟ್ಟಲೆ ಕುಳಿತಿರುವ ಅಕ್ಕ ಯಾರಾದರೂ ಇರುತ್ತಾರೆ, ಅವರನ್ನು ಕೇಳಿ. ಸ್ಟೋರ್ ರೂಮಿನ ತಪ್ಪುಗಳೆಲ್ಲ ಕೊನೆಗೆ ಅವರ ಕೌಂಟರಿನಲ್ಲೇ ಬಯಲಾಗುವುದರಿಂದ ಅವರಿಗೆ ಎಲ್ಲವೂ ಗೊತ್ತಿರುತ್ತದೆ. ಬಿ.ಕಾಂ. ಓದಿದವನು ಕೇಳುವುದು ಹೇಗೆ ಎಂಬ ಬಿಂಕ ಬೇಡ. ಮೊದಲ ತಿಂಗಳು ‘ಗೊತ್ತುಜ್ಜಿ’ (ತುಳುವಿನಲ್ಲಿ ‘ಗೊತ್ತಿಲ್ಲ’) ಎಂದರೆ ಹೊಸ ಹುಡುಗ ಎಂದು ಹೇಳಿಕೊಡುತ್ತಾರೆ. ಆರನೆಯ ತಿಂಗಳು ಅದೇ ಮಾತು ಹೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎನ್ನುತ್ತಾರೆ.

ಮನೆಯಲ್ಲಿ ಇವತ್ತೇ ಹೇಳಿಬಿಡಿ.

ಪ್ರಶ್ನೆ: ಮಂಗಳೂರಿನ ಬಟ್ಟೆ ಅಂಗಡಿಯ ಸ್ಟಾಕ್ ರೂಮಿನಲ್ಲಿ ಎರಡು ವಾರದಿಂದ ಇದ್ದೇನೆ. ಮೇಲಿನ ರ‍್ಯಾಕಿನಿಂದ ಸೀರೆಯ ಬಾಕ್ಸ್ ಇಳಿಸಲು ಏಣಿ ಹತ್ತಿಸುತ್ತಾರೆ. ಏಣಿ ಅಲ್ಲಾಡುತ್ತದೆ. ಹೆದರಿಕೆ ಎಂದರೆ ನಗುತ್ತಾರೆ. ಏನು ಮಾಡಲಿ?
– ಕಂಕನಾಡಿಯ ಓದುಗಾರ್ತಿ

ಉತ್ತರ: ನಗಲಿ ಬಿಡಿ. ಅಲ್ಲಾಡುವ ಏಣಿಯನ್ನು ಹತ್ತುವುದಿಲ್ಲ ಎಂದು ನಗುತ್ತಲೇ ಹೇಳಿ, ಆದರೆ ಹತ್ತಬೇಡಿ. ಸರಿಯಾದ ಏಣಿ ಕೊಟ್ಟ ಮೇಲೂ ಅದರ ಕಾಲು ಪೂರ್ತಿ ಅಗಲಿಸಿ, ಕೆಳಗೆ ಒಬ್ಬರನ್ನು ಹಿಡಿಯಲು ನಿಲ್ಲಿಸಿ. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ತುದಿಯ ಮೆಟ್ಟಿಲಿನ ಮೇಲೆ ನಿಲ್ಲಬೇಡಿ. ಎರಡೂ ಕೈಯಲ್ಲಿ ಬಾಕ್ಸ್ ಹಿಡಿದು ಇಳಿಯುವ ಬದಲು ಕೆಳಗಿದ್ದವರ ಕೈಗೆ ದಾಟಿಸಿ. ಸೀರೆಯ ಭಾರದ ಕಟ್ಟುಗಳನ್ನು ಮೇಲಿಟ್ಟು, ಖಾಲಿ ಹ್ಯಾಂಗರುಗಳನ್ನು ಕೆಳಗಿಟ್ಟವರು ಯಾರೋ! ಅದನ್ನು ತಿರುಗುಮುರುಗು ಮಾಡಬಹುದೇ ಎಂದು ಒಮ್ಮೆ ಕೇಳಿ ನೋಡಿ.

ನೆಲದಿಂದ ಎತ್ತುವಾಗ ಮಂಡಿ ಬಗ್ಗಲಿ, ಬೆನ್ನು ಬಗ್ಗದಿರಲಿ. ಎತ್ತಿದ್ದನ್ನು ಮೈಗೆ ಒತ್ತಿ ಹಿಡಿದುಕೊಳ್ಳಿ. ಇದನ್ನು ನನಗೂ ಯಾರೂ ಹೇಳಿರಲಿಲ್ಲ. ಆಟಿ ತಿಂಗಳ (ಆಷಾಢದ) ಮಳೆ ಶುರುವಾದರೆ ನನ್ನ ಸೊಂಟ ಇವತ್ತಿಗೂ ಬಂದರಿನ ನೋಟ್‌ಬುಕ್ಕಿನ ಕಟ್ಟುಗಳನ್ನು ಒಂದೊಂದಾಗಿ ಎಣಿಸುತ್ತದೆ. ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಶೇಕಡಾ 0.75 ಹಿಡಿದಿದ್ದಾರೆಯೇ ನೋಡಿ. ಹಿಡಿದಿದ್ದರೆ ನಿಮ್ಮ ಇಎಸ್‌ಐ ಸಂಖ್ಯೆಯನ್ನು ಇಂದೇ ಕೇಳಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬಿದ್ದ ಮೇಲೆ ಹುಡುಕುವಂಥದ್ದಲ್ಲ ಅದು.

ಪ್ರಶ್ನೆ: ನನ್ನದು ಮಂಗಳೂರಿನಲ್ಲಿ ದಿನಸಿ ಅಂಗಡಿ. ಹುಡುಗರಿಗೆ ಕಷ್ಟಪಟ್ಟು ಕಲಿಸಿದರೆ ಮೂರೇ ತಿಂಗಳಲ್ಲಿ ದೊಡ್ಡ ಅಂಗಡಿಗೆ ಹಾರುತ್ತಾರೆ. ಕಲಿಸಿ ನನಗೇನು ಲಾಭ?
– ಒಬ್ಬ ವ್ಯಾಪಾರಿ

ಉತ್ತರ: ಯಜಮಾನರೇ, ಕಲಿತವನು ಹಾರಿ ಹೋದರೆ ಒಬ್ಬ ಹುಡುಗ ಹೋದ. ಕಲಿಯದವನು ಅಲ್ಲೇ ಉಳಿದರೆ ನಿಮ್ಮ ರಸ್ಕು, ಹಾಲಿನ ಪುಡಿ, ಕುಚ್ಚಲಕ್ಕಿ ಎಲ್ಲವೂ ಒಂದೊಂದಾಗಿ ಹೋಗುತ್ತವೆ, ಅದೂ ನಿಮ್ಮ ಸಂಬಳ ತಿಂದುಕೊಂಡು. ಮೊದಲ ಮೂರು ದಿನ ಹಳಬರೊಬ್ಬರ ಜೊತೆಗೆ ಬಿಡಿ. ಆ ಹಳಬರಿಗೆ, ಈ ಮೂರು ದಿನ ಇವನಿಗೆ ಕಲಿಸುವುದೇ ನಿನ್ನ ಕೆಲಸ ಎಂದು ಇಬ್ಬರೂ ಇರುವಾಗಲೇ ಹೇಳಿ. ‘ಸ್ವಲ್ಪ ತೋರಿಸು’ ಎಂದರೆ ಯಾರೂ ತೋರಿಸುವುದಿಲ್ಲ. ಮಾಲು ಬಂದಾಗ ಏನೇನು ನೋಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ದಪ್ಪಗೆ ಬರೆಸಿ ಬಾಗಿಲ ಹಿಂದೆ ಅಂಟಿಸಿ. ಪೆಟ್ಟಿಗೆಯ ಮೇಲಿನ ಕೊಡೆಯ ಗುರುತು ಎಂದರೆ ನೀರು ತಾಗಬಾರದು, ಲೋಟದ ಗುರುತು ಎಂದರೆ ಒಡೆಯುವ ಮಾಲು, ಬಾಣದ ಗುರುತು ಎಂದರೆ ಆ ಬದಿ ಮೇಲಿರಬೇಕು ಎಂಬುದನ್ನು ನಿಮ್ಮಲ್ಲಿ ಎಷ್ಟು ಜನರಿಗೆ ಹೇಳಿದ್ದೀರಿ?

ಹಾಗೆಯೇ ಇಂದು ಸಂಜೆ ನೀವೇ ಗೋದಾಮಿಗೆ ಹೋಗಿ, ಕೆಳಗಿನ ರ‍್ಯಾಕಿನಿಂದ ಯಾವುದಾದರೂ ಒಂದು ಕಂದು ಪೊಟ್ಟಣ ತೆಗೆದು, ಅದರ ಮೇಲೆ ಕಪ್ಪು ಚುಕ್ಕೆಗಳಲ್ಲಿ ಒತ್ತಿರುವ ತಾರೀಕನ್ನು ಓದಲು ಪ್ರಯತ್ನಿಸಿ. ಓದಲಾಗದಿದ್ದರೆ ಹುಡುಗನನ್ನು ಬೈಯುವ ಮೊದಲು ಅಲ್ಲಿಗೊಂದು ಒಳ್ಳೆಯ ಟ್ಯೂಬ್‌ಲೈಟ್ ಹಾಕಿಸಿ.